ಎದುರುಗಾಳಿಯ ಅರ್ಧ

ಗಂಡನ ಕೋಟಿನ ಪಕ್ಕದ ಹೊಲಿಗೆಯನ್ನು ಹೊಲಿಗೆಯಮ್ಮ ಬ್ಲೇಡಿನ ತುದಿಯಿಂದ ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು. ಆ ಕೋಟು ತೊಡಬೇಕಾದವರು ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಕೊನೆಯ ದಿನಗಳ ಕಾಯಿಲೆಗೆ ಮೈ ಬಾತು, ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ.

“ಬೆನ್ನ ಹಿಂದೆ ಕತ್ತರಿಸಿಬಿಟ್ರೆ ಮುಗೀತಲ್ಲಮ್ಮ,” ಎಂದಳು ಮಗಳು, ಬಾಗಿಲಲ್ಲಿ ನಿಂತು. “ಮಲಗಿದ ಮೇಲೆ ಯಾರಿಗೆ ಕಾಣುತ್ತೆ?”

“ನನಗೆ ಕಾಣುತ್ತೆ. ಒಳಗೆ ಬಟ್ಟೆ ಇದೆ. ಹೊಲಿಯುವಾಗಲೇ ಬಿಟ್ಟಿದ್ದೆ.”

ಬಟ್ಟೆ ಬಿಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಯಾರ ಅಂಗಿ ಹೊಲಿದರೂ ಒಳಗೆ ಎರಡು ಬೆರಳಗಲ ಮಡಿಸಿ ಬಿಡುವಳು. ಬೀದಿಯ ಹೆಂಗಸರು ‘ಹೊಲಿಗೆಯಮ್ಮ ಬಟ್ಟೇನೆಲ್ಲ ಒಳಗೇ ಬಚ್ಚಿಡ್ತಾಳೆ’ ಎಂದು ಆಡಿಕೊಳ್ಳುವರು. ಮಕ್ಕಳು ಮೊಳದುದ್ದ ಬೆಳೆದ ಮೇಲೆ ಅದೇ ಹೆಂಗಸರು ಅದೇ ಅಂಗಿ ಹಿಡಿದುಕೊಂಡು ಬಂದು, ‘ಚೂರು ಬಿಡಿಸಿಕೊಡ್ತೀಯಾ ತಾಯಿ’ ಎಂದು ಹಲ್ಲು ಕಿರಿಯುವರು. ಹೊಲಿಗೆಯಮ್ಮ ನಗುತ್ತ ಬಿಡಿಸಿಕೊಡುವಳು. ಹೀಗೆಯೇ ಅವಳ ಕಾಲ ಸಾಗಿತ್ತು.

ಇವತ್ತು ಅವಳ ಕಣ್ಣು ಹೊಲಿಗೆಯ ಮೇಲಿತ್ತು, ಜೀವವೆಲ್ಲ ಮೇಜಿನ ಮೇಲಿನ ಫೋನಿನಲ್ಲಿತ್ತು. ಮಗ ಬೆಟ್ಟದೂರಿನ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವನು ಅಲ್ಲಿ ಸೇತುವೆ ಕಟ್ಟುವ ಕೆಲಸದ ಮೇಸ್ತ್ರಿ. ರಸ್ತೆಯಲ್ಲಿ ಹೊರಟರೆ ನಾಳೆಗೂ ತಲುಪುವಂತಿಲ್ಲ. ಮಧ್ಯಾಹ್ನದ ವಿಮಾನ ಹತ್ತಿದರೆ ಮಾತ್ರ ಅಪ್ಪನ ಮುಖ. ಇಲ್ಲಿ ಬಿಸಿಲು ಆಗಲೇ ಗೋಡೆ ಹತ್ತಿ ಕೂತಿತ್ತು. ಮಂಚದ ಕೆಳಗಿಟ್ಟ ಮಂಜುಗಡ್ಡೆ ಬೇಸಿನ್ನಿನಲ್ಲಿ ನೀರಾಗುತ್ತಿತ್ತು. ಕತ್ತಲಾಗುವುದರೊಳಗೆ ಮಣ್ಣು ಮಾಡಲೇಬೇಕು.

ಅವನ ಕೈಯಲ್ಲಿದ್ದದ್ದು ಟಿಕೆಟ್ಟಲ್ಲ, ಪಾಸು. ವಿಮಾನ ಕಂಪನಿಯಲ್ಲಿ ದುಡಿದವರ ಮನೆಮಂದಿಗೆ ಕೊಡುವ ಪಾಸು. ತೂಕ ಹಿಡಿಸಿದರೆ ಹತ್ತಬಹುದು. ಹಿಡಿಸದಿದ್ದರೆ ಎಲ್ಲರಿಗಿಂತ ಮೊದಲು ಇಳಿಯಬೇಕು. ಟಿಕೆಟ್ಟನ್ನೇ ಕೊಳ್ಳೋಣವೆಂದರೆ ಬಿಸಿಲುಗಾಲದಲ್ಲಿ ಆ ಊರಿನಿಂದ ಹಿಂದಿನ ಸಾಲುಗಳ ಸೀಟನ್ನು ಮಾರುವುದೇ ಇಲ್ಲ. ಮಾರಬಾರದೆಂದು ಲೆಕ್ಕ ಹಾಕಿ ಇಟ್ಟವರು ಬೇರೆ ಯಾರೂ ಅಲ್ಲ, ಮುಂದಿನ ಕೋಣೆಯಲ್ಲಿ ಮಲಗಿದ್ದವರೇ. ಯಾವ ವಿಮಾನ ಎಷ್ಟು ತೂಕ ಹೊತ್ತು ಏರಬಹುದೆಂದು ಲೆಕ್ಕ ಹಾಕುವುದು ಅವರ ಕೆಲಸ. ಕಂಪನಿಯಲ್ಲಿ ಎಲ್ಲರೂ ಅವರನ್ನು ತೂಕದ ಮೇಷ್ಟ್ರು ಎನ್ನುತ್ತಿದ್ದರು.

“ನನ್ನ ಬಸ್ಸಲ್ಲಿ ಜಾಗ ಇಲ್ಲ ಅಂತ ಒಂದು ನರಪಿಳ್ಳೆಯನ್ನೂ ಬಿಟ್ಟು ಹೋದೋನಲ್ಲ ನಾನು,” ಎಂದು ಅಂಗಳದಲ್ಲಿ ಭಾವ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಭಾವ ಎಂದರೆ ಮೇಷ್ಟ್ರ ಅಣ್ಣ, ಜೀವಮಾನವೆಲ್ಲ ಬಸ್ಸು ಓಡಿಸಿದವರು. “ಬಾಗಿಲಲ್ಲಿ ನಿಲ್ಲಿಸ್ಕೊಂಡೆ, ಮೇಲೆ ಕೂರಿಸ್ಕೊಂಡೆ, ಮಡಿಲಲ್ಲಿ ಕೂರಿಸ್ಕೊಂಡೆ. ನನ್ನ ತಮ್ಮ ನೋಡಿದ್ರೆ ಖಾಲಿ ಸೀಟು ಇಟ್ಕೊಂಡು ಜನರನ್ನ ಇಳಿಸೋನು! ಒಂದೇ ತಾಯಿ ಮಕ್ಕಳು ಅಂದ್ರೆ ಯಾರಾದ್ರೂ ನಂಬ್ತಾರಾ?”

ಅಲ್ಲಿದ್ದವರು ನಕ್ಕರು. ಭಾವನ ದನಿ ನಗುತ್ತಲೇ ಒಡೆದುಹೋಯಿತು.

*

ಮದುವೆಯಾದ ಹೊಸದರಲ್ಲಿ ಅವಳಿಗೆ ಗಂಡನ ಕೆಲಸವೇ ಅರ್ಥವಾಗಿರಲಿಲ್ಲ. ಒಂದು ಸಂಜೆ ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿಕೊಂಡು ಅವರು ಕೆರೆ ಏರಿಯ ಮೇಲೆ ಹೋಗುತ್ತಿದ್ದರು. ಗಾಳಿ ಎದುರಿನಿಂದ ನುಗ್ಗುತ್ತಿತ್ತು. ತುಳಿದು ತುಳಿದು ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಈ ಗಾಳಿ ಸೈಕಲ್ಲಿಗೆ ಶತ್ರು, ವಿಮಾನಕ್ಕೆ ನೆಂಟ,” ಎಂದರು ಏದುಸಿರು ಬಿಡುತ್ತ. “ಎದುರಿಂದ ಬೀಸಿದಷ್ಟೂ ರೆಕ್ಕೆ ಬೇಗ ಎತ್ತುತ್ತೆ.”

“ಹಾಗಾದ್ರೆ ಜೋರು ಗಾಳಿ ಇದ್ದ ದಿನ ಜಾಸ್ತಿ ಜನರನ್ನ ಹತ್ತಿಸ್ತೀರಾ?”

“ಹತ್ತಿಸಬಹುದು. ಆದ್ರೆ ಎಷ್ಟು ಗಾಳಿ ಇದ್ರೂ ಅರ್ಧ ಮಾತ್ರ ಲೆಕ್ಕಕ್ಕೆ ಹಿಡೀಬೇಕು. ಅದು ನಿಯಮ. ಬೆನ್ನ ಹಿಂದಿನಿಂದ ಬೀಸಿದ್ರೆ, ಅದು ಕೆಡುಕಿನ ಗಾಳಿ, ಅದನ್ನ ಒಂದೂವರೆಯಷ್ಟು ಹಿಡೀಬೇಕು.”

“ಇದ್ಯಾವ ನ್ಯಾಯ? ಒಳ್ಳೇದಕ್ಕೆ ಅರ್ಧ, ಕೆಟ್ಟದ್ದಕ್ಕೆ ಒಂದೂವರೆ?”

“ಗಾಳಿ ಯಾರ ಮನೆ ಆಳು ಹೇಳು? ಚಕ್ರ ಉರುಳೋ ಹೊತ್ತಿಗೆ ಸರಿಯಾಗಿ ನಿಂತುಬಿಟ್ರೆ ಏನು ಮಾಡ್ತೀಯ? ಇಷ್ಟೇ ಅಲ್ಲ. ನೆಲ ಬಿಡೋ ಅತಿ ಕೆಟ್ಟ ಗಳಿಗೆಯಲ್ಲಿ ಒಂದು ಎಂಜಿನ್ ಸತ್ತೇ ಹೋಯ್ತು ಅಂತ ಮೊದಲೇ ಅಂದ್ಕೊಂಡು, ಉಳಿದ ಒಂದರಲ್ಲೇ ಎದುರಿನ ಗುಡ್ಡ ದಾಟುತ್ತಾ ಅಂತ ನೋಡ್ಬೇಕು. ಇಳಿಯುವಾಗಲೂ ಅಷ್ಟೆ. ರನ್‌ವೇ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ನಿಲ್ಲೋ ಹಾಗಿರ್ಬೇಕು.”

ಅವಳು ಅವರ ಬೆನ್ನಿಗೆ ಹಣೆ ತಾಗಿಸಿ ನಕ್ಕಿದ್ದಳು. “ಇಷ್ಟೇ ತಾನೆ? ನಾನೂ ಹೀಗೇ ಹೊಲಿಯೋದು.”

ಆಫೀಸಿನಲ್ಲಿ ಆ ಲೆಕ್ಕ ಎಷ್ಟೋ ಜೀವ ಕಾಪಾಡಿತು. ಮನೆಯಲ್ಲಿ ಮಾತ್ರ ಕಷ್ಟವಾಯಿತು. ಬಾಗಿಲಲ್ಲೇ ಕೋಟು ಕಳಚಿಡುವ ಗಂಡ ಆ ಲೆಕ್ಕವನ್ನು ಕಳಚಲಿಲ್ಲ. ಮಗಳಿಗೆ ಕೆಲಸ ಸಿಕ್ಕರೆ, “ಆಗಲಿ, ಖಾಯಂ ಆದ ಮೇಲೆ ನೋಡೋಣ.” ಮಗ ಓಟದಲ್ಲಿ ಮೊದಲು ಬಂದರೆ, “ಪರವಾಗಿಲ್ಲ.” ಅದೇ ಮಗನಿಗೆ ಒಂದು ಸೀನು ಬಂದರೆ ಸಾಕು, ವೈದ್ಯರ ಮನೆ ಬಾಗಿಲು ಬಡಿಯುವರು. ಸಂತೋಷಕ್ಕೆ ಅರ್ಧ, ಸಂಕಟಕ್ಕೆ ಒಂದೂವರೆ.

ಕಳೆದ ಸಲ ಮಗ ಊರಿಗೆ ಬಂದಾಗ ತಾನು ಮುಂದೆ ನಿಂತು ಕಟ್ಟಿಸಿದ ಮೊದಲ ಸೇತುವೆಯ ಫೋಟೋ ತಂದಿದ್ದ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಕಂಬಗಳನ್ನು ನೋಡಿದರು, ಕೆಳಗಿನ ನೀರನ್ನು ನೋಡಿದರು. ಆಮೇಲೆ, “ಒಂದು ಪ್ರವಾಹ ಬಂದು ಹೋಗಲಿ, ಆಮೇಲೆ ಹೇಳೋಣ,” ಎಂದರು.

ಮಗ ಎದ್ದು ನಿಂತ. “ಹುಟ್ಟಿದಾಗಿಂದ ನನ್ನನ್ನ ಅರ್ಧಕ್ಕೇ ಹಿಡಿದಿದ್ದೀರಪ್ಪ. ನಾನೇನು ಗಾಳಿಯಾ?”

ಅವತ್ತು ಹೋದವನು ತಾಯಿಗೆ ಮಾತ್ರ ಫೋನು ಮಾಡುತ್ತಿದ್ದ. ಪಕ್ಕದಲ್ಲೇ ಕೂತ ತಂದೆ ಪೇಪರು ಓದುವವರಂತೆ ಕೂತು, ಫೋನು ಇಟ್ಟ ಮೇಲೆ, “ಊಟ ಮಾಡಿದ್ನಂತಾ?” ಎಂದಷ್ಟೇ ಕೇಳುತ್ತಿದ್ದರು.

*

“ಆಯ್ತು ಕಣಮ್ಮಾ! ಕೆಲಸ ಆಯ್ತು!”

ಭಾವ ಚಪ್ಪಲಿಯಲ್ಲೇ ಒಳಗೆ ಬಂದರು. ಒದ್ದೆ ಕಣ್ಣು ಹೊಳೆಯುತ್ತಿತ್ತು. “ಹುಡುಗ ಹತ್ತಿದ. ಸೀಟಲ್ಲಿ ಕೂತಿದ್ದಾನಂತೆ. ನಾನೇ ಮಾತಾಡ್ದೆ.”

“ಯಾರ ಹತ್ರ ಭಾವ?”

“ಇನ್ಯಾರ ಹತ್ರ? ನಮ್ಮ ಮೇಷ್ಟ್ರ ಶಿಷ್ಯ. ಅವನೇ ಅಲ್ವಾ ಈಗ ಇಲ್ಲಿನ ಆಫೀಸಲ್ಲಿ ಆ ಕುರ್ಚಿಯಲ್ಲಿ ಕೂತಿರೋದು? ಪಾಪ, ಮಣ್ಣಿಗೆ ಬರೋಕಾಗಲ್ಲ, ಡ್ಯೂಟಿ ಬಿಡಿಸೋರಿಲ್ಲ ಅಂತ ಅಳ್ತಿದ್ದ. ನಾನಂದೆ, ನೀನು ಬರದೇ ಇದ್ರೂ ಚಿಂತೆಯಿಲ್ಲ, ನಮ್ಮ ಹುಡುಗನ್ನ ಕಳಿಸು ಅಂತ. ‘ದೊಡ್ಡಪ್ಪ, ಮೇಷ್ಟ್ರಿಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ, ಅವನ ಸೀಟು ನನಗೆ ಬಿಡಿ’ ಅಂದ. ಬಂಗಾರದಂಥ ಮನುಷ್ಯ.”

ಮಗಳು “ಅಬ್ಬಾ, ದೇವರೇ!” ಎಂದು ಗೋಡೆಗೊರಗಿ ಅಲ್ಲೇ ಕೂತುಬಿಟ್ಟಳು.

ಹೊಲಿಗೆಯಮ್ಮನ ಕೈಯಲ್ಲಿದ್ದ ಸೂಜಿ ಬಟ್ಟೆ ಹೊಕ್ಕು ಹೊರಬರಲಿಲ್ಲ. ಏನು ಬೇಕಾದರೂ ಮಾಡ್ತೀನಿ. ಅಂದರೆ ಏನು ಮಾಡುತ್ತಾನೆ? ಬೆಟ್ಟದೂರಿನ ಬಿಸಿಲು ಅವಳಿಗೆ ಗೊತ್ತು. ಬಿಸಿಗೆ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ ಎಂದು ಗಂಡ ಎಷ್ಟು ಸಲ ಹೇಳಿದ್ದರು. ರನ್‌ವೇ ಮುಗಿದಲ್ಲಿ ಗುಡ್ಡದ ಸಾಲಿದೆ. ಮಧ್ಯಾಹ್ನ ಅಲ್ಲಿಂದ ಪಾಸಿನವರು ಹತ್ತಿದ್ದನ್ನು ಅವಳು ಕಂಡಿಲ್ಲ, ಕೇಳಿಲ್ಲ.

ಶಿಷ್ಯ ಕಠಿಣ ಮನಸ್ಸಿನವನಾಗಿದ್ದರೆ ಅವಳಿಗೆ ಭಯವಿರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೇಷ್ಟ್ರ ಕಾಲು ಹಿಡಿದು ಅತ್ತವನು ಅವನು. ಅಂಥ ಕೈಗೇ ಅಂಥ ತಪ್ಪು ಆಗುವುದು.

“ಭಾವ, ಇನ್ನೊಂದು ಸಲ ಫೋನ್ ಹಾಕಿ ಕೊಡಿ.”

“ಯಾಕಮ್ಮಾ?”

“ಗಾಳಿ ಎಷ್ಟು ಹಿಡಿದ ಅಂತ ಕೇಳ್ಬೇಕು.”

ಭಾವ ದಿಟ್ಟಿಸಿ ನೋಡಿದರು. “ನಿನಗೇನು ತಲೆ ಕೆಟ್ಟಿದೆಯಾ? ಮಗ ಬರ್ತಿದ್ದಾನೆ. ಅಪ್ಪನ ಮುಖ ನೋಡ್ತಾನೆ. ಒಬ್ಬ ಮನುಷ್ಯನ ತೂಕ! ಅಷ್ಟು ದೊಡ್ಡ ಯಂತ್ರಕ್ಕೆ ಒಬ್ಬ ಯಾವ ಲೆಕ್ಕ?”

“ಎಲ್ಲರೂ ‘ನಾನೊಬ್ಬ’ ಅಂತಲೇ ಹತ್ತೋದು ಭಾವ. ನಿಮ್ಮ ತಮ್ಮ ಹೇಳ್ತಿದ್ರು.”

“ನನ್ನ ತಮ್ಮ ಹೇಳಿ ಹೇಳಿಯೇ ಮಗ ಮನೆ ಬಿಟ್ಟಿದ್ದು!”

ಹೊಲಿಗೆಯಮ್ಮ ಸೂಜಿಯನ್ನು ಕೋಟಿನ ಕಾಲರಿಗೆ ಚುಚ್ಚಿ, ತಾನೇ ಫೋನು ಎತ್ತಿಕೊಂಡಳು. ಆ ಕಡೆ ಲೈನು ಬಿಡುವಿರಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಅಲ್ಲಿ ಬಾಗಿಲು ಮುಚ್ಚಿರಬಹುದು. ಚಕ್ರ ಉರುಳುತ್ತಿರಬಹುದು. ತುಂಬಿದ ವಿಮಾನದಲ್ಲಿ ಯಾರ ಯಾರ ಮಕ್ಕಳು ಕೂತಿದ್ದಾರೋ, ಅವರಿಗೆ ಇಲ್ಲಿ ಒಂದು ಹೆಣ ಕಾಯುತ್ತಿದೆ ಎಂದು ತಿಳಿಯದು.

“ದೇವರೇ,” ಎಂದು ಮನಸ್ಸಿನಲ್ಲೇ ಕೈಮುಗಿದಳು, “ಗಾಳಿಯನ್ನ ನೀನು ಪೂರ್ತಿ ಕೊಡು. ಬರೆಯೋನು ಅರ್ಧವೇ ಬರೀಲಿ.”

*

ಆ ನಿಲ್ದಾಣದ ಬೆಂಚನ್ನು ಅವಳು ಮರೆಯುವಂತಿರಲಿಲ್ಲ. ಮಕ್ಕಳಿಬ್ಬರೂ ಚಿಕ್ಕವರು. ಮೇಷ್ಟ್ರಿಗೆ ಆಗ ಕೆಲವು ವರ್ಷ ಬೆಟ್ಟದೂರಿನಲ್ಲೇ ಕೆಲಸ. ಅವಳ ತಂಗಿಯ ಮದುವೆಗೆಂದು ಎಲ್ಲರೂ ಪಾಸು ಹಿಡಿದು ಹೊರಟಿದ್ದರು. ಹತ್ತಿ ಕೂತು, ಮಗ ಕಿಟಕಿಗೆ ಮೂಗು ಒತ್ತಿಕೊಂಡಿದ್ದಾಗ ಬಿಸಿಲೇರಿತು. ತೂಕ ಇಳಿಸಬೇಕೆಂದು ಬಂತು. ಲೆಕ್ಕ ಮಾಡಿದವರು ಮೇಷ್ಟ್ರೇ. ಹೆಂಡತಿಯ ಮುಖ ನೋಡದೆ, “ಇಳೀರಿ,” ಎಂದರು.

“ಸೀಟು ಖಾಲಿ ಇದೆ ಅಪ್ಪ! ನಾನು ನೋಡಿದೆ! ಎಷ್ಟೊಂದು ಖಾಲಿ ಇದೆ!” ಎಂದು ಹುಡುಗ ಮೆಟ್ಟಿಲುದ್ದಕ್ಕೂ ಅತ್ತ.

ವಿಮಾನ ಅವರ ಮುಂದೆಯೇ ಓಡಿತು, ಗುಡ್ಡದ ಮೇಲೆ ಬೇಕಾದಷ್ಟು ಎತ್ತರದಲ್ಲಿ ದಾಟಿಹೋಯಿತು. ಇಷ್ಟು ಜಾಗ ಇಟ್ಟುಕೊಂಡು ನಮ್ಮನ್ನೇಕೆ ಇಳಿಸಿದರು ಎಂದು ಅವಳ ಹೊಟ್ಟೆ ಉರಿಯಿತು. ತಿರುಗಿ ನೋಡಿದರೆ ಗಂಡ ಬೆಂಚಿನ ಆ ತುದಿಯಲ್ಲಿ ಮಗನ ಪಕ್ಕ ಕೂತಿದ್ದರು.

“ನಿಮಗೆ ಜಾಗ ಇತ್ತಲ್ಲ?” ಎಂದಳು. ಕಂಪನಿಯ ಕೆಲಸಗಾರರೆಂದು ಪೈಲಟ್ಟಿನ ಹಿಂದಿನ ಪುಟ್ಟ ಸೀಟು ಅವರದೇ.

“ಇತ್ತು,” ಎಂದರು.

ಹುಡುಗ ಬಿಕ್ಕುತ್ತಲೇ ಕೇಳಿದ, “ಬರೀದೇ ಬಿಟ್ಟ ಅರ್ಧ ಗಾಳಿ ಎಲ್ಲಿಗೆ ಹೋಗುತ್ತೆ ಅಪ್ಪ?”

“ಎಲ್ಲಿಗೂ ಹೋಗಲ್ಲ ಮಗಾ. ರೆಕ್ಕೆ ಕೆಳಗೇ ಇರುತ್ತೆ. ನಾವು ಬರೆಯಲ್ಲ ಅಷ್ಟೆ.”

ಅವನು ಅದನ್ನು ಕೇಳಿಸಿಕೊಂಡನೋ, ಅಷ್ಟರಲ್ಲೇ ನಿದ್ದೆ ಹೋದನೋ. ಮೇಷ್ಟ್ರ ಅಂಗೈ ಅವನ ಪಕ್ಕ ಬೆಂಚಿನ ಮೇಲೆ ಊರಿತ್ತು. ಸಂಜೆಯ ತಂಪಿನಲ್ಲಿ ಹೊರಟು ಅವರು ಮದುವೆ ಮನೆ ಮುಟ್ಟಿದಾಗ ಕುರ್ಚಿ ಮಡಚುತ್ತಿದ್ದರು. ತಂಗಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

*

ಲೈನು ಸಿಕ್ಕಿತು.

“ಯಾರು? ಅಮ್ಮಾ?” ಶಿಷ್ಯನ ದನಿ. “ಕ್ಷಮಿಸಿ ಅಮ್ಮಾ, ಬರೋಕಾಗ್ಲಿಲ್ಲ...”

“ಅದಿರಲಿ ಮಗಾ. ಬೆಟ್ಟದೂರಿನ ವಿಮಾನ ಹೊರಟಿತಾ?”

“ಇಲ್ಲ. ನನ್ನ ತೂಕದ ಹಾಳೆ ಹೋಗ್ಬೇಕು. ಕಾಯ್ತಿದ್ದಾರೆ. ಅವನು ಕೂತಿದ್ದಾನೆ ಅಮ್ಮಾ, ನೀವು ಧೈರ್ಯವಾಗಿರಿ.”

“ಅಲ್ಲಿ ಗಾಳಿ ಹೇಗಿದೆ?”

“ಚೆನ್ನಾಗಿದೆ. ಎದುರುಗಾಳಿ. ನೆಟ್ಟಗೆ ಬೀಸ್ತಿದೆ ಅಂತ ಅಲ್ಲಿಂದ ಹೇಳಿದ್ರು.”

“ಎಷ್ಟು ಹಿಡಿದಿದ್ದೀಯ?”

ಆ ಕಡೆ ಫ್ಯಾನು ತಿರುಗುವ ಸದ್ದು. ದೂರದಲ್ಲೆಲ್ಲೋ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು.

“ಅಮ್ಮಾ, ಅದು ಪೂರ್ತಿ ಬೀಸ್ತಾ ಇದೆ. ಬೆಳಗ್ಗೆಯಿಂದ ಒಂದೇ ಸಮ.”

“ನಾನು ಬೀಸಿದ್ದು ಕೇಳ್ತಿಲ್ಲಪ್ಪ. ಬರೆದದ್ದು ಕೇಳ್ತಿದ್ದೀನಿ.”

“ಕಂಪ್ಯೂಟರು ತಾನೇ ಅರ್ಧ ಮಾಡ್ಕೊಳ್ಳುತ್ತೆ,” ಎಂದ ಮೆಲ್ಲಗೆ. “ಎರಡರಷ್ಟು ಬರೆದ್ರೆ... ಅದು ಅರ್ಧ ಮಾಡಿದ ಮೇಲೆ ಇದ್ದದ್ದು ಇದ್ದಷ್ಟೇ ಆಗುತ್ತೆ. ಸುಳ್ಳಲ್ಲ ಅಮ್ಮಾ, ಇರೋ ಗಾಳಿಯೇ. ಬರೆದಿದ್ದೀನಿ. ಇನ್ನೂ ಕಳಿಸಿಲ್ಲ. ಬೆರಳು ಅಲ್ಲೇ ಇದೆ.”

ಅವಳು ಮೇಜಿನ ಅಂಚು ಹಿಡಿದು ನಿಂತಳು. ಎದುರಿಗೆ ಮಗಳು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಬಾಗಿಲಾಚೆ ಬಿಳಿ ಬಟ್ಟೆಯ ಕೆಳಗಿಂದ ಗಂಡನ ಎರಡು ಪಾದ ಕಾಣುತ್ತಿದ್ದವು. ಸುಮ್ಮನೆ ಫೋನು ಇಟ್ಟರೆ ಸಾಕು. ಮಗ ಬರುತ್ತಾನೆ. ಬಹುಶಃ ಎಲ್ಲರೂ ಸುಖವಾಗಿ ಬರುತ್ತಾರೆ. ಬಹುಶಃ.

“ಅವನನ್ನ ಇಳಿಸು,” ಎಂದಳು.

“ಅಮ್ಮಾ! ಮೇಷ್ಟ್ರ ಮುಖ...”

“ನಿಮ್ಮ ಮೇಷ್ಟ್ರು ಹೋದ ಮೊದಲ ದಿನವೇ ಅವರ ಕುರ್ಚಿಯಲ್ಲಿ ಕೂತು ಇದನ್ನ ಮಾಡ್ಬೇಡ ಮಗಾ. ಅರ್ಧ ಬರಿ. ಹುಡುಗನಿಗೆ ನಾನು ಹೇಳ್ತೀನಿ.”

ಅವನು ಅಳುತ್ತಿದ್ದ. ಅಳುತ್ತಲೇ, “ಆಯ್ತಮ್ಮಾ,” ಎಂದ. ಬೆರಳು ಗುಂಡಿ ಒತ್ತುವ ಸದ್ದು ಅವಳಿಗೆ ಒಂದೊಂದಾಗಿ ಕೇಳಿಸಿತು.

ಭಾವ ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಅವಳಿಗೆ ಬೆನ್ನು ಕೊಟ್ಟು ಕೂತರು.

ಮಗನ ಫೋನು ಬಂತು. “ಅಮ್ಮ, ನನ್ನ ಇಳಿಸಿಬಿಟ್ರು. ಕೂರಿಸಿ, ಬೆಲ್ಟು ಹಾಕಿಸಿ ಇಳಿಸಿದ್ರು.” ದೊಡ್ಡ ಗಂಡಸಿನ ದನಿಯೊಳಗಿಂದ ಹಳೆಯ ಹುಡುಗ ಎದ್ದು ಬಂದ. “ಸೀಟು ಖಾಲಿ ಇದೆ ಅಮ್ಮ. ನಾನೇ ನೋಡಿದೆ. ಎಷ್ಟೊಂದು ಖಾಲಿ ಇದೆ.”

“ನಾನೇ ಇಳಿಸಿದ್ದು.”

“ಏನು?”

“ನಿನ್ನನ್ನ ಕೂರಿಸೋಕೆ ಪೂರ್ತಿ ಗಾಳಿ ಹಿಡಿದಿದ್ರು. ನಾನು ಬೇಡ ಅಂದೆ.”

ಫೋನಿನಲ್ಲಿ ಎಂಜಿನ್ನಿನ ಮೊರೆತ ಏರಿತು, ದೂರವಾಯಿತು. ಅವನು ಇಲ್ಲದೆ ವಿಮಾನ ಹೊರಟಿತ್ತು.

“ಸಂಜೆ ತಂಪಾದ ಮೇಲೆ ಇನ್ನೊಂದಿದೆ,” ಎಂದಳು ಅವಳು. “ಈಗ ಎಲ್ಲಿದ್ದೀಯ?”

“ಇನ್ನೆಲ್ಲಿ? ಅದೇ ಬೆಂಚು.”

“ಅವತ್ತು ನಿಮ್ಮಪ್ಪನಿಗೆ ಜಾಗ ಇತ್ತು ಮಗಾ. ಪೈಲಟ್ ಹಿಂದಿನ ಸೀಟು ಅವರದೇ. ನೀನು ಅಳ್ತಿದ್ದೀಯ ಅಂತ ಇಳಿದು ಬಂದು ಪಕ್ಕ ಕೂತ್ರು. ಆಮೇಲೆ ನೀನು ನಿದ್ದೆ ಹೋದೆ. ಯಾವತ್ತೂ ಹೇಳಿರಲಿಲ್ಲ ನಿನಗೆ.”

ಫೋನು ಕಡಿಯಿತು. ಕಡಿದದ್ದು ಮಗನೋ, ಲೈನೋ, ಅವಳಿಗೆ ತಿಳಿಯಲಿಲ್ಲ. ಕಾಲರಿನಿಂದ ಸೂಜಿ ಕಿತ್ತು ಉಳಿದ ಹೊಲಿಗೆ ಮುಗಿಸಿದಳು. ಸೂಜಿ ಬೆರಳಿಗೆ ಚುಚ್ಚಿದರೂ ಹೊಲಿಗೆ ಡೊಂಕಾಗಲಿಲ್ಲ.

*

ಸ್ಮಶಾನ ಊರಾಚೆಯ ದಿಬ್ಬದ ಮೇಲಿತ್ತು. ಪೆಟ್ಟಿಗೆ ಇಟ್ಟ ವ್ಯಾನಿಗೆ ಮನೆಮಂದಿ, ನೆಂಟರು, ಕಂಪನಿಯವರು ಎಲ್ಲರೂ ಹತ್ತಿಕೊಂಡರು. ಭಾವ ಡ್ರೈವರ್ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಏರು ಶುರುವಾದದ್ದೇ ವ್ಯಾನು ಉಬ್ಬಸ ಹಿಡಿದವರಂತೆ ಕೆಮ್ಮಿತು. ಡ್ರೈವರ್ ಗೇರು ಇಳಿಸಿದ. ಸುಟ್ಟ ವಾಸನೆ ಬಂತು. ವ್ಯಾನು ಹಿಂದಕ್ಕೆ ಒಂದು ಮೊಳ ಜಾರಿ ನಿಂತಿತು. ಒಳಗಿದ್ದವರೆಲ್ಲ ಪೆಟ್ಟಿಗೆ ಹಿಡಿದುಕೊಂಡರು.

ಎಲ್ಲರೂ ಭಾವನ ಮುಖ ನೋಡಿದರು. ಇಂಥ ಎಷ್ಟೋ ಏರುಗಳನ್ನು ತುಂಬಿದ ಬಸ್ಸಿನಲ್ಲಿ ಹತ್ತಿಸಿದ ಮನುಷ್ಯ. ಭಾವ ಪೆಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿ, ಬಾಗಿಲು ತೆಗೆದು ತಾವೇ ಮೊದಲು ಕೆಳಗಿಳಿದರು.

“ಇಳೀರಿ ಎಲ್ಲ,” ಎಂದರು. “ನಡೀರಿ. ಹೋದ ಮೇಲೂ ನಮ್ಮನ್ನ ಇಳಿಸ್ದೇ ಬಿಡಲಿಲ್ಲ ನನ್ನ ತಮ್ಮ.”

ಯಾರೋ ನಕ್ಕರು, ನಗುತ್ತ ಅತ್ತರು. ಹಗುರಾದ ವ್ಯಾನು ಮೆಲ್ಲಗೆ ಏರು ಹತ್ತಿತು. ಅದರ ಹಿಂದೆ ಎಲ್ಲರೂ ನಡೆದರು. ಕಡಿದಾದ ಕಡೆ ಭಾವ ಹೊಲಿಗೆಯಮ್ಮನಿಗೆ ಕೈ ಕೊಟ್ಟರು. ಮೇಲೆ ಮುಟ್ಟುವ ತನಕ ಕೈ ಬಿಡಲಿಲ್ಲ.

“ಇನ್ನೂ ನಾಲ್ಕು ದಿನ ಇರಬಹುದಿತ್ತು ಮೇಷ್ಟ್ರು,” ಎಂದರು ಕಂಪನಿಯವರೊಬ್ಬರು, ನಿವೃತ್ತರಾದ ಪೈಲಟ್ಟು.

“ಹಾದಿ ಉಳಿದಿರುವಾಗಲೇ ನಿಲ್ಲೋ ಅಭ್ಯಾಸ ಅವರಿಗೆ,” ಎಂದಳು ಹೊಲಿಗೆಯಮ್ಮ.

ಪೆಟ್ಟಿಗೆ ಮುಚ್ಚುವ ಮುನ್ನ ಅವಳು ಬಗ್ಗಿ ನೋಡಿದಳು. ಕೋಟಿನ ಗುಂಡಿಗಳು ಎಳೆತವಿಲ್ಲದೆ ಕೂಡಿದ್ದವು. ಪ್ರಾರ್ಥನೆಯಾಯಿತು. ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಸೂರ್ಯ ಎದುರು ಗುಡ್ಡದ ನೆತ್ತಿಗೆ ತಾಗಿದ್ದ. ಮಗನ ಸುದ್ದಿಯಿರಲಿಲ್ಲ. ಸಂಜೆಯ ವಿಮಾನ ಹತ್ತಿದನೋ, ಅದೂ ಬೇಡವೆಂದು ಸೇತುವೆಗೆ ತಿರುಗಿ ಹೋದನೋ. ಹೋಗಿದ್ದರೆ ಇನ್ನು ಯಾವತ್ತು ಬರುತ್ತಾನೆ? ತಾನು ಉಳಿಸಿದೆನೋ, ಕಳೆದುಕೊಂಡೆನೋ? ಎದೆಯೊಳಗೆ ಯಾರೋ ಹೊಲಿಗೆ ಬಿಚ್ಚುತ್ತಿದ್ದಂತಿತ್ತು.

ಗುಂಡಿ ತೋಡುವವನು ಸಲಿಕೆ ಎತ್ತಿದ. ಮಣ್ಣು ಬೀಳುತ್ತ ಬಂತು.

“ಅಷ್ಟು ಸಾಕಪ್ಪ,” ಎಂದಳು ಅವಳು ಇದ್ದಕ್ಕಿದ್ದಂತೆ. “ಅರ್ಧಕ್ಕೆ ನಿಲ್ಲಿಸು. ಉಳಿದದ್ದು ಮಗ ಬಂದು ಹಾಕ್ತಾನೆ.”

“ಹಾಗೆಲ್ಲ ಅರ್ಧ ಬಿಡೋದುಂಟಾ ತಾಯಿ? ಕತ್ತಲಾದ್ರೆ ನಾನು ಗೇಟು ಹಾಕ್ಬೇಕು.”

“ಅವಳು ಹೇಳಿದ ಹಾಗೆ ಮಾಡಯ್ಯ,” ಎಂದರು ಭಾವ. “ನಿನ್ನ ಗೇಟಿನ ಹತ್ರ ನಾನು ನಿಲ್ತೀನಿ. ಯಾರು ಮುಚ್ತಾರೆ ನೋಡೋಣ.” ಹೇಳಿದಂತೆಯೇ ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತರು.

ಜನ ಕರಗಿದರು. ಮಗಳು ತಾಯಿಗೆ ಶಾಲು ಹೊದಿಸಿದಳು. ಗಾಳಿ ಎದ್ದಿತು. ಹೊಲಿಗೆಯಮ್ಮ ಆಕಾಶದಿಂದ ಕಣ್ಣು ಕೀಳಲಿಲ್ಲ. ಬೆಳಕು ಆರುತ್ತಿದ್ದಾಗ ಎದುರು ಗುಡ್ಡದ ಮೇಲೆ ಒಂದು ದೀಪ ಕಂಡಿತು. ಗುಡ್ಡದಿಂದ ಬಹಳ ಮೇಲೆ, ಅವಸರವಿಲ್ಲದೆ ಬಂದು ಊರಾಚೆ ಇಳಿಯಿತು. ಅದರಲ್ಲಿ ಇದ್ದಾನೋ ಇಲ್ಲವೋ ಎಂದು ದೀಪ ಹೇಳುವುದಿಲ್ಲವಲ್ಲ. ಅವಳು ಎರಡೂ ಕೈಗಳಿಂದ ಶಾಲಿನ ಅಂಚನ್ನು ಹೊಸೆಯುತ್ತ ನಿಂತಳು.

ಗೇಟಿನ ಹತ್ತಿರ ಕಾರು ನಿಂತಿತು. ಭಾವ “ಬಾರೋ, ಬಾರೋ,” ಎಂದದ್ದು ಕೇಳಿಸಿತು. ಮೊದಲು ಇಳಿದವನು ಶಿಷ್ಯ. ಡ್ಯೂಟಿ ಮುಗಿಸಿ ನಿಲ್ದಾಣಕ್ಕೇ ಹೋಗಿ ಕರೆತಂದಿದ್ದ. ಅವನು ಹೊಲಿಗೆಯಮ್ಮನ ಮುಂದೆ ತಲೆ ತಗ್ಗಿಸಿದ. “ಸಂಜೆ ಒಳ್ಳೇ ಗಾಳಿ ಇತ್ತಮ್ಮ. ಅರ್ಧವೇ ಬರೆದೆ. ಎಲ್ಲರಿಗೂ ಹಿಡಿಸಿತು.”

ಅವನ ಹಿಂದೆ ಮಗ ಬಂದ. ಬೂಟಿಗೆ ಸೇತುವೆಯ ಸಿಮೆಂಟು ಒಣಗಿ ಅಂಟಿತ್ತು. ತಾಯಿ ಅವನ ಕಣ್ಣು ನೋಡಲು ಹೆದರಿ ಬೂಟನ್ನೇ ನೋಡಿದಳು. ಅವನು ಅರ್ಧ ಮುಚ್ಚಿದ ಗುಂಡಿಯನ್ನು ನೋಡಿದ, ಪಕ್ಕದಲ್ಲಿ ಕಾದಿಟ್ಟ ಮಣ್ಣಿನ ಗುಡ್ಡೆ ನೋಡಿದ.

“ಕೋಟು ಹಾಕಿದ್ರಾ?” ಎಂದ.

“ಹಾಕಿದೆ. ಗುಂಡಿ ಕೂಡ್ತು.”

ಗುಂಡಿ ತೋಡುವವನು ಸಲಿಕೆ ಮುಂದೆ ಹಿಡಿದ. ಮಗ ತೆಗೆದುಕೊಂಡು ಮಣ್ಣಿಗೆ ನೆಟ್ಟ. ಗುಂಡಿಯ ಅಂಚಿಗೆ ಹಾಕಿದ್ದ ಉದ್ದನೆಯ ಹಲಗೆಯ ಮೇಲೆ, ಜಾಗ ಬೇಕಾದಷ್ಟಿದ್ದರೂ, ಒಂದು ತುದಿಗೆ ಸರಿದು ಕೂತ. ಗಾಳಿ ದಿಬ್ಬ ಏರಿ ಬಂದು ಅವನ ಅಂಗಿಯನ್ನು ಎದೆಗೆ ಒತ್ತಿ ಹಿಡಿಯಿತು. ಅವನು ಮುಖ ತಿರುಗಿಸಲಿಲ್ಲ. ಪಕ್ಕದ ಖಾಲಿ ಹಲಗೆಯ ಮೇಲೆ ಅಂಗೈ ಊರಿ, ಹಾಗೆಯೇ ಕೂತಿದ್ದ.